ಮಂಜಿನಲ್ಲಿ ಮಿಲ್ ಕೂಗಿದ ಬೆಳಿಗ್ಗೆ

ನಾನು ಚಿಕ್ಕವಳಿದ್ದಾಗ ನಮ್ಮೂರಿಗೆ ಮಳೆ ಬರುವ ಸುದ್ದಿಯನ್ನು ಹೊಗೆ ಹೇಳುತ್ತಿತ್ತು. ಊರಿನ ದಿಣ್ಣೆಯ ಮೇಲೆ ಕಡಲೆಕಾಯಿ ಎಣ್ಣೆಯ ಮಿಲ್ಲೊಂದಿತ್ತು. ಅದರ ಇಟ್ಟಿಗೆಯ ಚಿಮಣಿಯಿಂದ ಏಳುವ ಹೊಗೆ ಪಡುವಣಕ್ಕೆ ಬಾಗಿತೆಂದರೆ ಮೂಡಣದಿಂದ, ಅಂದರೆ ಮದ್ರಾಸಿನ ಕಡೆಯಿಂದ, ಮಳೆಗಾಳಿ ಬರುತ್ತಿದೆ ಎಂದು ಅರ್ಥ. ಮಿಲ್ಲಿನ ಅಂಗಳದಲ್ಲಿ ಒಣಹಾಕಿದ್ದ ಕಡಲೆಕಾಯಿಯನ್ನು ಹೆಂಗಸರು ಸರಸರನೆ ರಾಶಿ ಮಾಡಿ ಗೋಣಿತಾಟು ಮುಚ್ಚುತ್ತಿದ್ದರು. ಹೊಗೆ ನೆಟ್ಟಗೆ ಏರಿದರೆ ಮರುದಿನ ಬಿಸಿಲು. ಏರಲಾರದೆ ಹೆಂಚಿನ ಮೇಲೆಯೇ ಹಾಸಿಕೊಂಡು ಮಲಗಿದರೆ ಮಾರನೆಯ ಬೆಳಿಗ್ಗೆ ಮಂಜು. ಈ ಮೂರು ಪಾಠಗಳನ್ನು ನಾವು ಮಕ್ಕಳು ಅ ಆ ಇ ಈ ಕಲಿಯುವ ಮೊದಲೇ ಕಲಿತಿದ್ದೆವು.

ನಮ್ಮೂರು ಮಾಲೂರು ಸೀಮೆಯದು. ಟೇಕಲ್ ರೈಲು ನಿಲ್ದಾಣಕ್ಕೆ ಎತ್ತಿನ ಗಾಡಿಯಲ್ಲಿ ಒಂದು ಗಂಟೆಯ ದಾರಿ. ಮಿಲ್ ಬರುವ ಮೊದಲು ಅಲ್ಲಿ ಇದ್ದದ್ದು ಹತ್ತು ಹನ್ನೆರಡು ಮನೆ, ಒಂದು ಹೊಂಗೆ ತೋಪು, ಒಂದು ದೊಡ್ಡ ಕೆರೆ, ಅಷ್ಟೇ ಎಂದು ಅಜ್ಜ ಹೇಳುತ್ತಿದ್ದ. ಕೆಂಪು ಮಣ್ಣಿಗೆ ಕಡಲೆಕಾಯಿ ಚೆನ್ನಾಗಿ ಬರುತ್ತದೆ, ಎಣ್ಣೆ ಡಬ್ಬ ಸಾಗಿಸಲು ರೈಲು ಹತ್ತಿರ, ಬಾಯ್ಲರಿಗೆ ಕೆರೆಯ ನೀರು ಹತ್ತಿರ ಎಂದು ಯೋಚಿಸಿ ಸಾಹುಕಾರರೊಬ್ಬರು ಅಲ್ಲಿ ಮಿಲ್ ಕಟ್ಟಿಸಿದರಂತೆ. ಕಟ್ಟಡದ ಇಟ್ಟಿಗೆಗೆ ಬೇಕಾದ ಮಣ್ಣನ್ನು ಕೆರೆಯ ಅಂಗಳದಲ್ಲೇ ಅಗೆದರು. ಆ ಗುಂಡಿ ಎರಡು ಆಳುದ್ದ ಇತ್ತು. ಬೇಸಿಗೆಯಲ್ಲಿ ನಾವು ಅದರ ತಳಕ್ಕಿಳಿದು ಕುಂಟೆಬಿಲ್ಲೆ ಆಡುತ್ತಿದ್ದೆವು. ಕೆರೆಗೆ ನೀರು ಬಂದ ಮೇಲೆ ಅತ್ತ ಸುಳಿದರೆ ಅಮ್ಮನಿಂದ ಬೆನ್ನಿಗೆ ಏಟು.

ಮಿಲ್ಲಿನ ಕೆಲಸಕ್ಕೆಂದು ಮಾಸ್ತಿ ಕಡೆಯವರು ಬಂದರು, ಬೈರಕೂರಿನ ಕಡೆಯ ತೆಲುಗಿನವರು ಬಂದರು. ಒಂದೇ ಮಾತನ್ನು ಕನ್ನಡದಲ್ಲಿ ಶುರುಮಾಡಿ ತೆಲುಗಿನಲ್ಲಿ ಮುಗಿಸುವುದು ನಮ್ಮೂರಲ್ಲಿ ಯಾರಿಗೂ ವಿಚಿತ್ರವೆನಿಸುತ್ತಿರಲಿಲ್ಲ. ಊರಿಗೆ ಹಳೆಯ ಹೆಸರೊಂದಿತ್ತು. ಅದು ಶಾನುಭೋಗರ ಕಾಗದದಲ್ಲಿ ಉಳಿಯಿತು. ಜನರ ಬಾಯಲ್ಲಿ ಊರು ಮಿಲ್ ಪಾಳ್ಯವಾಯಿತು.

ಕೋಲಾರದ ಸೀಮೆಗೆ ತುಂಬಿ ಹರಿಯುವ ಹೊಳೆಯಿಲ್ಲ. ಆಕಾಶದಿಂದ ಬಿದ್ದದ್ದು ಕೆರೆಯಲ್ಲಿ ನಿಂತರೆ ಅದೇ ನಮ್ಮ ಹೊಳೆ. ಬೇಸಿಗೆಯಲ್ಲಿ ಟೇಕಲ್ ಬೆಟ್ಟದ ಬಂಡೆಗಳು ಕಾದು, ಹೊತ್ತು ಮುಳುಗಿದ ಮೇಲೂ ರೊಟ್ಟಿ ಹೆಂಚಿನ ಹಾಗೆ ಬಿಸಿ ಉಗುಳುತ್ತಿದ್ದವು. ನಡುವೆ ಒಂದೆರಡು ಆಲಿಕಲ್ಲು ಮಳೆ ಬಂದರೆ ನಾವು ತಪ್ಪಲೆ ಹಿಡಿದು ಅಂಗಳಕ್ಕೆ ಓಡುತ್ತಿದ್ದೆವು. ಆಷಾಢದಲ್ಲಿ ಗಾಳಿಯೇ ಗಾಳಿ. ಮಿಲ್ಲಿನ ಕಡಲೆಸಿಪ್ಪೆ ಹಾರಿ ಬಂದು ಉಣ್ಣುವ ಮುದ್ದೆಯ ಮೇಲೆ ಕೂರುತ್ತಿತ್ತು. ಕೆರೆ ತುಂಬಿಸುವ ಮಳೆ ಬರುತ್ತಿದ್ದುದು ದಸರೆ ಕಳೆದ ಮೇಲೆ, ಚಿತ್ತೆ ಸ್ವಾತಿಯಲ್ಲಿ. ಆಮೇಲೆ ಚಳಿ. ಧನುರ್ಮಾಸದಲ್ಲಿ ಕೆರೆಯ ಮೇಲಿಂದ ಮಂಜೆದ್ದು ಹೊಲಗಳನ್ನು ಮುಚ್ಚುತ್ತಿತ್ತು. ಆ ಮಂಜು ಬಿದ್ದರೇ ಅವರೆಕಾಯಿಗೆ ಸೊಗಡು. ಅವರೆ ಬಿಡಿಸಿದ ಬೆರಳನ್ನು ಮೂಗಿಗೆ ಹಿಡಿದುಕೊಂಡೇ ನಾನು ಎಷ್ಟೋ ದಿನ ಶಾಲೆಗೆ ಹೋಗಿದ್ದೇನೆ.

ಅಪ್ಪ ಮಿಲ್ಲಿನ ಬಾಯ್ಲರ್ ನೋಡಿಕೊಳ್ಳುತ್ತಿದ್ದ. ಕಡಲೆಸಿಪ್ಪೆಯನ್ನು ಬೆಂಕಿಗೆ ಎರಚಿ, ನೀರು ಕಾಯಿಸಿ, ಹಬೆ ಎಬ್ಬಿಸಿ, ಆ ಹಬೆಯಿಂದ ಇಂಜಿನ್ನು ತಿರುಗುವಂತೆ ಮಾಡುವುದು ಅವನ ಕೆಲಸ. ಅವನ ಮೈಗೆ ಯಾವಾಗಲೂ ಸುಟ್ಟ ಸಿಪ್ಪೆಯ ವಾಸನೆ. ಮಾತು ಬಹಳ ಕಡಿಮೆ. ಇಂಜಿನ್ನಿನ ಸದ್ದಿನಲ್ಲಿ ಯಾರಿಗೂ ಏನೂ ಕೇಳದೆ, ಕೈಸನ್ನೆಯಲ್ಲೇ ದಿನ ಕಳೆದು ಅವನಿಗೆ ಮನೆಯಲ್ಲೂ ಅದೇ ರೂಢಿಯಾಗಿತ್ತು. ಬಾಯ್ಲರಿನ ನೆತ್ತಿಯಲ್ಲಿ ಹಿತ್ತಾಳೆಯ ಸೀಟಿ ಇತ್ತು. ಅದರ ಸರಪಳಿ ಎಳೆದರೆ ಹಬೆ ನುಗ್ಗಿ, ಸುತ್ತಲ ಮೂರು ಊರಿಗೆ ಕೇಳುವಂತೆ ಮಿಲ್ ಕೂಗುತ್ತಿತ್ತು. ಬೆಳಿಗ್ಗೆ ಒಂದು ಕೂಗು, ಮಧ್ಯಾಹ್ನ ಒಂದು, ಸಂಜೆ ಒಂದು. ಗಡಿಯಾರವಿಲ್ಲದ ಮನೆಗಳಲ್ಲಿ ಎಸರಿಡುವುದೂ ದನ ಬಿಡುವುದೂ ಆ ಕೂಗಿಗೇ.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಆ ಕೂಗು ನಿಂತುಹೋಯಿತು. ವಿಮಾನಗಳು ಬಂದು ಬಾಂಬು ಹಾಕುತ್ತವಂತೆ, ಅವು ಬರುವ ಮೊದಲು ಪೇಟೆಗಳಲ್ಲಿ ಸೈರನ್ ಕೂಗಿಸುತ್ತಾರಂತೆ ಎಂಬ ಮಾತು ಹಳ್ಳಿಹಳ್ಳಿಗೂ ಹಬ್ಬಿತ್ತು. ಮಿಲ್ ಕೂಗಿದರೆ ಜನ ಹೆದರಿ ದಿಕ್ಕಾಪಾಲಾಗಿ ಓಡುತ್ತಾರೆಂದು ಸಾಹುಕಾರರು ಸೀಟಿಯ ಸರಪಳಿಯನ್ನು ತಂತಿ ಸುತ್ತಿ ಬಿಗಿಸಿಬಿಟ್ಟರು. “ಇದನ್ನ ಬಿಚ್ಚಿದೋನು ಅವತ್ತೇ ಗಂಟುಮೂಟೆ ಕಟ್ಟಬೇಕು” ಎಂದು ಅಪ್ಪನಿಗೆ ಹೇಳಿದ್ದರು. ನಾವಿದ್ದ ಮನೆಯೂ ಮಿಲ್ಲಿನದೇ. ಕೆಲಸ ಹೋದರೆ ಮನೆಯೂ ಹೋದಂತೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ತಂತಿಯನ್ನು ಯಾರೂ ಮುಟ್ಟಿರಲಿಲ್ಲ.

ಆ ವರ್ಷ ಸ್ವಾತಿ ಮಳೆ ಬಿಡದೆ ಹೊಡೆಯಿತು. ಕೆರೆ ಕೋಡಿ ಬಿತ್ತು. ಸಾಮಾನ್ಯವಾಗಿ ಧನುರ್ಮಾಸದ ಹೊತ್ತಿಗೆ ಕೆರೆಯಂಗಳದ ಅಂಚಿನಲ್ಲಿ ಒಣಗಿ ನಿಲ್ಲುತ್ತಿದ್ದ ಕಾಲುದಾರಿ ಆ ಸಲ ನೀರಿನೊಳಗೇ ಇತ್ತು. ಜನ ಜಾಲಿ ಗಿಡಗಳ ಪಕ್ಕದಲ್ಲಿ ಮೇಲಿಂದ ಹೊಸ ದಾರಿ ಮಾಡಿಕೊಂಡಿದ್ದರು.

ನನಗಾಗ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ಅಮ್ಮ ಬಸುರಿ. ಸಂಕ್ರಾಂತಿ ಕಳೆದು ಹದಿನೈದು ದಿನಕ್ಕೆ ಹೆರಿಗೆ ಎಂದು ಎಲ್ಲರೂ ಎಣಿಸಿದ್ದರು. ಆದರೆ ಧನುರ್ಮಾಸದ ಒಂದು ಬೆಳಿಗ್ಗೆ, ಅಕ್ಕ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಬಿಟ್ಟು, ನಡುವೆ ಇಟ್ಟ ಸಗಣಿಯುಂಡೆಗೆ ಕುಂಬಳದ ಹೂ ಸಿಕ್ಕಿಸುತ್ತಿದ್ದಾಗ ಒಳಗಿಂದ ಅಮ್ಮನ ದನಿ ಬಂತು. ಅವಳು ನಮ್ಮ ಹೆಸರು ಹಿಡಿದು ಕರೆಯಲಿಲ್ಲ. “ಅಮ್ಮಾ” ಎಂದಳು. ದೊಡ್ಡವಳಾದ ಅಮ್ಮನೂ ತನ್ನ ಅಮ್ಮನನ್ನು ಕರೆಯುತ್ತಾಳೆ ಎಂದು ನನಗೆ ತಿಳಿದದ್ದು ಆವತ್ತೇ.

ಪಕ್ಕದ ಮನೆಯ ಅತ್ತೆ ಓಡಿ ಬಂದು ಅಮ್ಮನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದರು. “ನೋವು ಶುರುವಾಗೈತೆ. ಮಂತ್ರಸಾನಿ ಅವ್ವನ್ನ ಕರ್ಕೊಂಡು ಬರಬೇಕು, ಬೇಗ” ಎಂದರು. ಹೆರಿಗೆ ಮಾಡಿಸುವವಳನ್ನು ತೆಲುಗಿನಲ್ಲಿ ಮಂತ್ರಸಾನಿ ಎನ್ನುತ್ತಾರೆ. ಆ ಅವ್ವ ಇದ್ದದ್ದು ಕೆರೆಯ ಆಚೆ ದಡದ ಊರಲ್ಲಿ.

ಅಪ್ಪ ಆಗಲೇ ಮಿಲ್ಲಿಗೆ ಹೋಗಿ ಬೆಂಕಿ ಎಬ್ಬಿಸಿಯಾಗಿತ್ತು. ಹಬೆ ಏರುತ್ತಿರುವ ಬಾಯ್ಲರನ್ನು ಬಿಟ್ಟು ಬರುವಂತಿಲ್ಲ. ಅದು ಸಿಡಿದರೆ ಸುತ್ತಲಿನವರು ಯಾರೂ ಉಳಿಯುವುದಿಲ್ಲ. ಅಕ್ಕ ನನ್ನ ಕೈ ಹಿಡಿದು ಎಳೆದುಕೊಂಡೇ ಅಲ್ಲಿಗೆ ಓಡಿದಳು.

“ನಾನು ಹೋಗಿ ಕರ್ಕೊಂಡು ಬರ್ತೀನಪ್ಪ” ಎಂದಳು.

ಅಪ್ಪ ಸಿಪ್ಪೆಯ ಸಲಿಕೆ ಕೆಳಗಿಟ್ಟು ಹೊರಗೆ ಬಂದು ಆಕಾಶ ನೋಡಿದ. ಮೂಡಣ ಬೆಳ್ಳಗಾಗುತ್ತಿತ್ತು. ಒಂದು ಮೋಡವೂ ಇರಲಿಲ್ಲ. “ಇವಳನ್ನೂ ಕರ್ಕೊಂಡು ಹೋಗು, ಒಬ್ಬಳೇ ಬೇಡ. ಜಾಲಿ ಗಿಡದ ಪಕ್ಕದಲ್ಲೇ ನಡೀರಿ. ಗುಂಡಿ ಕಡೆ ಇಳೀಬೇಡಿ” ಎಂದ. ಹಿಂದಿನ ಸಂಜೆ ಹೊಗೆ ಹೆಂಚಿನ ಮೇಲೆ ಮಲಗಿದ್ದು ಆಗ ನಮ್ಮಲ್ಲಿ ಯಾರಿಗೂ ನೆನಪಾಗಲಿಲ್ಲ.

ಹೋಗುವಾಗ ದಾರಿ ಸಲೀಸಾಗಿತ್ತು. ಕೆರೆ ಅಲುಗದೆ ಮಲಗಿತ್ತು. ಹುಲ್ಲಿನ ಇಬ್ಬನಿಗೆ ನನ್ನ ಲಂಗದ ಅಂಚು ಒದ್ದೆಯಾಗಿ ಕಾಲಿಗೆ ತಣ್ಣಗೆ ಹೊಡೆಯುತ್ತಿತ್ತು. ಅರ್ಧ ಗಂಟೆಯಲ್ಲಿ ಅವ್ವನ ಗುಡಿಸಲ ಮುಂದಿದ್ದೆವು.

ಅವ್ವ ಬಾಗಿಲಲ್ಲೇ ಕೂತು ಹಲ್ಲು ತಿಕ್ಕುತ್ತಿದ್ದಳು. ಅವಳ ಎರಡು ಕಣ್ಣಿಗೂ ಪೊರೆ ಬಂದು ಬೆಳಕು ಕತ್ತಲೆ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಸುತ್ತಲ ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದ್ದವು. ಅಕ್ಕನೂ ನಾನೂ ಸಹ. ಹೆಜ್ಜೆ ಸದ್ದು ಕೇಳಿ, “ಎವರಮ್ಮಾ? ಯಾರದು?” ಎಂದಳು. ಅಕ್ಕ ಒಂದು ಮಾತು ಹೇಳಿದ್ದಷ್ಟೇ. “ಬಾಯ್ಲರಪ್ಪನ ದೊಡ್ಡ ಮಗಳು. ಅಮ್ಮನಿಗೆ ನೋವಾ? ಇನ್ನೂ ತಿಂಗಳು ತುಂಬಿಲ್ಲವಲ್ಲ ತಲ್ಲಿ, ತಾಯಿ” ಎನ್ನುತ್ತಾ ಅವ್ವ ಎದ್ದಳು. ಬಾಯಿ ಮುಕ್ಕಳಿಸಿ, ಗೂಟದಲ್ಲಿದ್ದ ಬಟ್ಟೆಗಂಟು ಕಂಕುಳಿಗೆ ಸಿಕ್ಕಿಸಿಕೊಂಡು, ಕೋಲು ಹಿಡಿದು, “ಪದಂಡಿ, ನಡೀರಿ” ಎಂದಳು. ಅವ್ವ ಅವಸರಪಡುವುದನ್ನು ನಾನು ಅದೇ ಮೊದಲು ನೋಡಿದ್ದು.

ಊರು ದಾಟಿ ಕೆರೆಯಂಗಳಕ್ಕೆ ಇಳಿಯುವಷ್ಟರಲ್ಲಿ ನೀರಿನ ಮೇಲೆ ಬಿಳಿಯ ಪಟ್ಟಿಯೊಂದು ಎದ್ದಿತ್ತು. ಮೊದಲು ಅದು ಕೆರೆಯ ಮಧ್ಯದಲ್ಲಿ ಮಾತ್ರ ಇತ್ತು. ನಾನು ಒಂದು ಸಲ ಬಗ್ಗಿ ಕಾಲಿನ ಮುಳ್ಳು ತೆಗೆದು ತಲೆ ಎತ್ತಿದೆ, ಎದುರಿನ ಜಾಲಿ ಗಿಡಗಳಿರಲಿಲ್ಲ. ಇನ್ನೊಂದು ಗಳಿಗೆಗೆ ಅಕ್ಕನ ಕೆಂಪು ದಾವಣಿಯೂ ಬೂದಿ ಬಣ್ಣವಾಯಿತು. ಉಸಿರಾಡಿದರೆ ಗಂಟಲು ತಣ್ಣಗಾಗುತ್ತಿತ್ತು. ಹಕ್ಕಿಗಳ ಸದ್ದೂ ನಿಂತಿತ್ತು.

“ಮಂಜು ಬಿತ್ತವ್ವಾ, ಏನೂ ಕಾಣ್ತಿಲ್ಲ” ಎಂದಳು ಅಕ್ಕ.

“ನನಗೆ ದಿನಾ ಮಂಜೇ ಅಲ್ಲವಾ ತಲ್ಲಿ” ಎಂದಳು ಅವ್ವ, ನಿಲ್ಲದೆಯೇ. “ನನ್ನ ಹಿಂದೆ ಬನ್ನಿ. ಐವತ್ತು ವರ್ಷ ನಡೆದ ದಾರಿ ಇದು. ನನ್ನ ಕಾಲಿಗೆ ಗೊತ್ತು.”

ಅವಳ ಕಾಲಿಗೆ ಗೊತ್ತಿದ್ದದ್ದು ನಿಜ. ಆದರೆ ಅದಕ್ಕೆ ಗೊತ್ತಿದ್ದದ್ದು ಹಳೆಯ ದಾರಿ. ಆ ಮಳೆಗಾಲದ ನಂತರ ಅವಳು ಇತ್ತ ಬಂದಿರಲೇ ಇಲ್ಲ. ಅವಸರದಲ್ಲಿ ಅದನ್ನು ಹೇಳಬೇಕೆಂದು ನಮಗೂ ಹೊಳೆಯಲಿಲ್ಲ. ಕೋಲೂರುತ್ತಾ ಗಟ್ಟಿ ನೆಲ ಹುಡುಕಿ ಹುಡುಕಿ ನಮ್ಮನ್ನು ಕೆಳಕ್ಕೆ ಕರೆದೊಯ್ದಳು. ಇದ್ದಕ್ಕಿದ್ದಂತೆ ಅವಳ ಕೋಲು ಚಳಕ್ ಎಂದಿತು. ನನ್ನ ಪಾದದ ಸುತ್ತ ನೀರು.

“ಇಲ್ಲಿಗೆ ನೀರು ಹೆಂಗೆ ಬಂತು?” ಎಂದು ಅವ್ವ ನಿಂತಳು. ಅವಳ ಮುಖದಲ್ಲಿ ಮೊದಲ ಬಾರಿಗೆ ಗಾಬರಿ ಕಂಡಿತು. ಹಿಂದಕ್ಕೆ ತಿರುಗಿದೆವು. ನಾಲ್ಕು ಹೆಜ್ಜೆಗೆ ಅಲ್ಲೂ ನೀರು. ಎಡಕ್ಕೆ ಹೋದೆವು, ಮೊಣಕಾಲ ತನಕ ಬಂತು. ದಡ ಯಾವ ಕಡೆ, ಕೆರೆ ಯಾವ ಕಡೆ ಎಂಬುದೇ ತಿಳಿಯದಾಯಿತು. ಸಿಪ್ಪೆ ಸುಟ್ಟ ಹೊಗೆಯ ವಾಸನೆ ಬರುತ್ತಿತ್ತು. ಅದನ್ನು ಹಿಡಿದು ಹೋಗೋಣವೆಂದರೆ ಗಾಳಿಯೇ ಇಲ್ಲದ ಕಾರಣ ಆ ವಾಸನೆ ಎಲ್ಲ ಕಡೆಯೂ ಒಂದೇ ಸಮ ಇತ್ತು.

ಅಕ್ಕ ನೆಲ ತಡಕಿ ನಾಲ್ಕೈದು ಕಲ್ಲು ಆರಿಸಿಕೊಂಡಳು. ಒಂದನ್ನು ಮುಂದಕ್ಕೆ ಎಸೆದಳು. ಚಪ್ ಎಂದಿತು. ಅದು ತೆಳು ನೀರು. ಇನ್ನೊಂದನ್ನು ಬಲಕ್ಕೆ ಎಸೆದಳು. ಗುಳುಂ ಎಂದಿತು. ನಾವು ಮೂವರೂ ಉಸಿರು ಹಿಡಿದೆವು. ಅಷ್ಟು ಆಳದ ಸದ್ದು ಬರುವುದು ಒಂದೇ ಕಡೆ. ಇಟ್ಟಿಗೆ ಮಣ್ಣಿನ ಗುಂಡಿ ನಮ್ಮಿಂದ ಎರಡು ಮಾರು ದೂರದಲ್ಲಿತ್ತು.

“ಯಾರೂ ಕಾಲು ಕದಲಿಸಬೇಡಿ” ಎಂದಳು ಅಕ್ಕ. ದಾವಣಿಯ ತುದಿಯನ್ನು ನನ್ನ ಸೊಂಟಕ್ಕೆ ಬಿಗಿದು ಕಟ್ಟಿದಳು. ಅವ್ವನ ಕೈಯನ್ನು ತನ್ನ ಕೈಯೊಳಗೆ ಇಟ್ಟುಕೊಂಡಳು. ಆಮೇಲೆ ಜೋರಾಗಿ “ಅಪ್ಪಾ” ಎಂದು ಕೂಗಿದಳು. ಬೆಟ್ಟದ ಬಂಡೆಗಳು ಅದನ್ನೇ ನಮಗೆ ವಾಪಸು ಕೂಗಿದವು. ಬೇರೆ ಯಾರೂ ಓಗೊಡಲಿಲ್ಲ.

ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. ಚಳಿಗೆ ಕಾಲು ಮರಗಟ್ಟಿತು. ನಾನು ಅಳತೊಡಗಿದೆ. “ಅಮ್ಮ ಒಬ್ಬಳೇ ಇದಾಳೆ” ಎಂದೆ.

“ಒಬ್ಬಳೇ ಯಾಕೆ, ಅತ್ತೆ ಇದಾರೆ. ಅಳಬೇಡ ಕಣೇ. ಬಿಸಿಲು ಬಂದ ತಕ್ಷಣ ಹೋಗೋಣ” ಎಂದಳು ಅಕ್ಕ. ಅವಳ ದನಿ ಗಟ್ಟಿಯಾಗಿತ್ತು. ದಾವಣಿಯ ಗಂಟನ್ನು ಮಾತ್ರ ಮತ್ತೆ ಮತ್ತೆ ಬಿಗಿ ಮಾಡುತ್ತಿದ್ದಳು. ಅವ್ವ ತುಟಿ ಅಲುಗಿಸುತ್ತಿದ್ದಳು, ದೇವರನ್ನು ನೆನೆಯುತ್ತಿದ್ದಳೋ ನೋವು ಶುರುವಾಗಿ ಎಷ್ಟು ಹೊತ್ತಾಯಿತೆಂದು ಎಣಿಸುತ್ತಿದ್ದಳೋ.

ಆಗ ಮಿಲ್ ಕೂಗಿತು.

ವರ್ಷದ ಮೇಲೆ ಕೇಳಿದ ಆ ಸದ್ದಿಗೆ ನಾನು ಬೆಚ್ಚಿಬಿದ್ದೆ. ವಿಮಾನ ಬಂತೆಂದು ಅಕ್ಕನ ಸೊಂಟ ತಬ್ಬಿಕೊಂಡೆ. ಕೂಗು ಉದ್ದಕ್ಕೆ ಬಂದು ನಿಂತಿತು. ಕೂಡಲೇ ಇನ್ನೊಂದು ಕಡೆಯಿಂದ ಅದೇ ಕೂಗು ಕೇಳಿಸಿತು. ಅಕ್ಕ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗಿದಳು. “ಎರಡು ಕಡೆಯಿಂದ ಬರ್ತಿದೆ, ಯಾವ ಕಡೆ ಹೋಗೋದು?” ಎಂದಳು.

“ಸುಮ್ಮನಿರು” ಎಂದಳು ಅವ್ವ. ಕಾಣದ ಕಣ್ಣುಗಳನ್ನೂ ಮುಚ್ಚಿಕೊಂಡು, ತಲೆ ಒಂದಿಷ್ಟು ಓರೆ ಮಾಡಿ ನಿಂತಳು. ಮಿಲ್ ಮತ್ತೆ ಕೂಗಿತು. ಅವ್ವನ ಕೋಲು ನಿಧಾನವಾಗಿ ಎದ್ದು ಒಂದು ದಿಕ್ಕಿಗೆ ನಿಂತಿತು. “ಮೊದಲು ಬಂದದ್ದು ಅಸಲು. ಆಮೇಲೆ ಬಂದದ್ದು ಬಂಡೆ ಆಡೋ ಮಾತು. ನಡೀರಿ ಈ ಕಡೆ.”

ಅಕ್ಕ ಆ ದಿಕ್ಕಿಗೆ ಕಲ್ಲೆಸೆದಳು. ಚಪ್. ಮೂರು ಹೆಜ್ಜೆ ನಡೆದೆವು. ಮತ್ತೆ ಕಲ್ಲು, ಮತ್ತೆ ಮೂರು ಹೆಜ್ಜೆ. ಮಿಲ್ ಬಿಟ್ಟು ಬಿಟ್ಟು ಕೂಗುತ್ತಲೇ ಇತ್ತು. ಕಲ್ಲು ಮುಗಿದವು, ಅಷ್ಟರಲ್ಲಿ ನೀರೂ ಮುಗಿಯಿತು. ಕಾಲಿಗೆ ಜಾಲಿ ಮುಳ್ಳು ಚುಚ್ಚಿತು. ಜೀವನದಲ್ಲಿ ಒಂದೇ ಸಲ ಮುಳ್ಳು ಚುಚ್ಚಿದ್ದಕ್ಕೆ ನನಗೆ ಸಂತೋಷವಾಗಿತ್ತು.

ಮಿಲ್ಲಿನ ಗೇಟಿನಲ್ಲಿ ಜನ ಸೇರಿದ್ದರು. ಅವರನ್ನು ತಳ್ಳಿಕೊಂಡು ಒಳಗೆ ಹೋದಾಗ ಅಪ್ಪ ಬಾಯ್ಲರಿನ ಪಕ್ಕದ ಏಣಿಯ ಮೇಲೆ ನಿಂತಿದ್ದ. ಒಂದು ಕೈಯಲ್ಲಿ ಸರಪಳಿ. ಬಿಚ್ಚಿ ಎಸೆದ ತಂತಿ ಕೆಳಗೆ ಬಿದ್ದಿತ್ತು. ತಂತಿ ಕಿತ್ತು ಕಿತ್ತು ಅವನ ಬೆರಳ ತುದಿಯಲ್ಲಿ ರಕ್ತ ಒಸರಿತ್ತು. ನಾವು ಬಂದದ್ದು ಅವನಿಗೆ ಕೇಳಿಸಲಿಲ್ಲ. ಅಕ್ಕ ಹೋಗಿ ಅವನ ಕಾಲು ಮುಟ್ಟಿದಳು. ಅವನು ಬಗ್ಗಿ ನೋಡಿದ. ಒಂದು, ಎರಡು, ಮೂರು ಎಂದು ನಮ್ಮನ್ನು ಕಣ್ಣಲ್ಲೇ ಎಣಿಸಿದ. ಸರಪಳಿ ಬಿಟ್ಟು, ಮನೆಯ ಕಡೆಗೆ ಕೈ ತೋರಿಸಿದ. ಅಷ್ಟೇ.

ನಮ್ಮನ್ನು ಕಳಿಸಿ ಒಂದು ಗಂಟೆ ದಾಟಿದರೂ ನಾವು ಬಂದಿರಲಿಲ್ಲ. ಅತ್ತೆ ಓಡಿ ಬಂದು, “ಅವಳಿಗೆ ಕಷ್ಟ ಆಗ್ತೈತೆ, ಮಕ್ಕಳು ಇನ್ನೂ ಬಂದಿಲ್ಲ” ಎಂದರಂತೆ. ಅಪ್ಪ ಹೊರಗೆ ಬಂದು ನೋಡಿದರೆ ಮುಂದೆ ಚಾಚಿದ ತನ್ನ ಕೈಯೇ ಕಾಣಲಿಲ್ಲವಂತೆ. ಅವನು ಯಾರನ್ನೂ ಏನೂ ಕೇಳಲಿಲ್ಲ. ನೇರ ಹೋಗಿ ಏಣಿ ಹತ್ತಿದ. ಇದೆಲ್ಲ ಆಮೇಲೆ ಅತ್ತೆ ಹೇಳಿದ್ದು.

ಮನೆಯ ಬಾಗಿಲು ಮುಚ್ಚಿತು. ನಾನೂ ಅಕ್ಕನೂ ಜಗುಲಿಯ ಮೇಲೆ ಕೂತೆವು. ಒಳಗಿನಿಂದ ಬಿಸಿನೀರಿನ ಸದ್ದು, ಹರಳೆಣ್ಣೆಯ ವಾಸನೆ, ಅವ್ವನ ಸಮಾಧಾನದ ತೆಲುಗು. ಮಂಜು ಮೊದಲು ಚಿಮಣಿಯ ತುದಿಯನ್ನು ಬಿಟ್ಟುಕೊಟ್ಟಿತು, ಆಮೇಲೆ ಹೆಂಚಿನ ಮಾಡನ್ನು, ಕೊನೆಗೆ ಅಂಗಳದ ರಂಗೋಲಿಯನ್ನು. ಕುಂಬಳದ ಹೂವಿನ ಮೇಲೆ ಬಿಸಿಲು ಬೀಳುವ ಹೊತ್ತಿಗೆ ಒಳಗೆ ಸಣ್ಣದೊಂದು ಅಳು ಕೇಳಿತು. ಅಕ್ಕ ಅಷ್ಟು ಹೊತ್ತು ಕಟ್ಟಿಹಿಡಿದಿದ್ದಳಲ್ಲ, ಆಗ ನನ್ನ ಭುಜಕ್ಕೆ ಮುಖ ಒತ್ತಿ ಬಿಕ್ಕಿ ಬಿಕ್ಕಿ ಅತ್ತಳು.

ಗಂಡು ಕೂಸು. ಅಮ್ಮ ಸುಸ್ತಾಗಿದ್ದಳು, ಆದರೆ ಕಣ್ಣು ಬಿಟ್ಟು ನಮ್ಮನ್ನು ನೋಡಿ ನಕ್ಕಳು.

ಅತ್ತ ಊರಲ್ಲಿ ಬೇರೆಯೇ ಗಲಾಟೆ ಆಗಿತ್ತು. ಮಿಲ್ಲಿನ ಕೂಗು ಕೇಳಿ ಕೆಲವರು ವಿಮಾನವೇ ಬಂತೆಂದು ಹೊಂಗೆ ತೋಪಿಗೆ ಓಡಿದ್ದರು. ಒಬ್ಬ ತಾತ ಹುಲ್ಲಿನ ಮೆದೆಯೊಳಗೆ ನುಗ್ಗಿ, ಮಧ್ಯಾಹ್ನದವರೆಗೂ ಹೊರಗೆ ಬರಲು ಒಪ್ಪಲಿಲ್ಲ. ಟೇಕಲ್ಲಿನಲ್ಲಿದ್ದ ಸಾಹುಕಾರರಿಗೂ ಸುದ್ದಿ ಮುಟ್ಟಿ, ಕೋಟು ಹಾಕಿಕೊಂಡು ಸೈಕಲ್ ತುಳಿದುಕೊಂಡು ಬಂದರು. ಅಪ್ಪ ಇಂಜಿನ್ನು ನಿಲ್ಲಿಸಿ, ಬೆಂಕಿ ತಗ್ಗಿಸಿ, ಮನೆಯ ಮುಂದೆ ನಿಂತಿದ್ದ.

“ಕೂಗಿಸಿದ್ದು ಯಾರಯ್ಯಾ?” ಎಂದರು ಸಾಹುಕಾರರು.

“ನಾನೇ ಸ್ವಾಮಿ.”

“ಹೇಳಿದ್ದು ನೆನಪಿತ್ತೋ ಇಲ್ಲವೋ?”

“ನೆನಪಿತ್ತು ಸ್ವಾಮಿ.”

ಅಪ್ಪ ಬೇರೆ ಏನಾದರೂ ಹೇಳಲಿ ಎಂದು ನಾನು ಕಾದೆ. ನಮ್ಮ ಪಾತ್ರೆ ಪಡಗ, ಆಡು, ಅಂಗಳದ ಕುಂಬಳ ಬಳ್ಳಿ, ಇವನ್ನೆಲ್ಲ ಎಲ್ಲಿಗೆ ಒಯ್ಯುವುದು ಎಂದು ನನ್ನ ತಲೆಯಲ್ಲಿ ಓಡುತ್ತಿತ್ತು. ಅಷ್ಟರಲ್ಲಿ ಅವ್ವ ಸೆರಗಿಗೆ ಕೈ ಒರೆಸುತ್ತಾ ಹೊರಗೆ ಬಂದಳು. ದನಿ ಬಂದ ಕಡೆಗೆ ನಡೆದು, ಸಾಹುಕಾರರ ಎರಡೂ ಕೈ ಹಿಡಿದುಕೊಂಡಳು.

“ಮಿಲ್ ಕೂಗಿಸಿದ ಮಾರಾಯ ನೀನೇನಾ ನಾಯನಾ, ನನ್ನಪ್ಪಾ?” ಎಂದಳು. “ಕೂಸಿಗೆ ಕಾಲು ಮುಂದಾಗಿತ್ತು. ಇನ್ನೊಂದು ಗಳಿಗೆ ತಡವಾಗಿದ್ದಿದ್ದರೆ ತಾಯೂ ಇಲ್ಲ, ಕೂಸೂ ಇಲ್ಲ. ನೀರೊಳಗೆ ದಿಕ್ಕು ತಪ್ಪಿ ನಿಂತಿದ್ವಿ, ನಿನ್ನ ಕೂಗು ಹಿಡಿದು ಬಂದ್ವಿ. ಚಲ್ಲಗಾ ಉಂಡು ನಾಯನಾ, ತಣ್ಣಗಿರು. ನಿನ್ನ ಕೈ ತಣ್ಣಗಿರಲಿ.” ಹಾಗೆಂದು ಆ ಕೈಗಳನ್ನು ತನ್ನ ಕಣ್ಣಿಗೊತ್ತಿಕೊಂಡಳು.

ಸಾಹುಕಾರರು ಅಪ್ಪನ ಕಡೆ ನೋಡಿದರು. ಅಪ್ಪ ನೆಲ ನೋಡುತ್ತಿದ್ದ. ಅವರ ನೋಟ ಅಪ್ಪನ ಗಾಯವಾದ ಬೆರಳುಗಳ ಮೇಲೆ ಸ್ವಲ್ಪ ಹೊತ್ತು ನಿಂತಿತು. ಅವ್ವ ಕೈ ಬಿಟ್ಟ ಮೇಲೂ ಅವರು ಕೈ ಚಾಚಿಕೊಂಡೇ ಇದ್ದರು.

ಕೊನೆಗೆ ಸೈಕಲ್ ತಿರುಗಿಸುತ್ತಾ, “ಮಂಜು ಬಿದ್ದ ದಿನ ಮಾತ್ರ ಕೂಗಿಸು. ಊರಿಗೆಲ್ಲ ಮೊದಲೇ ಹೇಳಿಸು, ಹೆದರಬೇಡಿ ಅಂತ” ಎಂದರು. ನಾಲ್ಕು ಹೆಜ್ಜೆ ಹೋಗಿ ನಿಂತು, “ಬಾಣಂತಿಗೆ ಒಂದು ಡಬ್ಬ ಎಣ್ಣೆ ಕಳಿಸ್ತೀನಿ” ಎಂದು ಹೇಳಿ ಹೊರಟುಹೋದರು.

ಅವ್ವ ನಿಜವಾಗಿಯೂ ಆಳು ತಪ್ಪಿ ಹರಸಿದಳೋ ಅಥವಾ ಬೇಕೆಂದೇ ಹಾಗೆ ಮಾಡಿದಳೋ ಎಂದು ನಾನೂ ಅಕ್ಕನೂ ಮುದುಕಿಯರಾಗುವವರೆಗೆ ವಾದ ಮಾಡಿದ್ದೇವೆ. “ದನಿ ಕೇಳಿಯೇ ಯಾರ ಮಗಳೆಂದು ಹೇಳೋಳು, ಅವಳಿಗೆ ಗೊತ್ತಾಗದೆ ಇರುತ್ತಾ?” ಎನ್ನುವುದು ಅಕ್ಕನ ಮಾತು. ಗೊತ್ತಿರಲಿಲ್ಲ ಎಂದು ನಾನು. ಅವ್ವನನ್ನು ಒಮ್ಮೆ ಕೇಳಿಯೂ ಬಿಟ್ಟೆವು. ಅವಳು ನಕ್ಕು, “ಇಬ್ಬರ ಕೈಯೂ ತಣ್ಣಗಿರಲಿ ಬಿಡಿ” ಎಂದಳು.

ಅಲ್ಲಿಂದ ಮುಂದೆ ಮಂಜು ಬಿದ್ದ ಬೆಳಿಗ್ಗೆಗಳಲ್ಲಿ ಬಿಸಿಲು ಏರುವವರೆಗೆ ಮಿಲ್ ಬಿಟ್ಟು ಬಿಟ್ಟು ಕೂಗುತ್ತಿತ್ತು. ಕೆರೆಯಾಚೆಯಿಂದ ಕಡಲೆಕಾಯಿ ಬಿಡಿಸಲು ಬರುವ ಹೆಂಗಸರು ಅದನ್ನು ಹಿಡಿದು ಬರುತ್ತಿದ್ದರು. ಯುದ್ಧ ಮುಗಿಯಿತು. ಪೇಟೆಗಳಲ್ಲಿ ಕರೆಂಟಿನಿಂದ ನಡೆಯುವ ದೊಡ್ಡ ಮಿಲ್ಲುಗಳು ಬಂದವು. ಕಡಲೆಕಾಯಿ ಮೂಟೆ ಅತ್ತ ಹೋಗತೊಡಗಿ ನಮ್ಮ ಮಿಲ್ಲಿಗೆ ಕೆಲಸವೇ ಇಲ್ಲದಾಯಿತು. ಒಂದು ವರ್ಷ ಬೆಂಕಿ ಹಾಕಲಿಲ್ಲ. ಮರುವರ್ಷ ಬಾಯ್ಲರನ್ನು ಬಿಚ್ಚಿ ಗಾಡಿಗೆ ಹೇರಿದರು. ಚಿಮಣಿಯ ಇಟ್ಟಿಗೆ ಊರವರ ಕೊಟ್ಟಿಗೆಗಳಿಗೂ ಬಾವಿಕಟ್ಟೆಗಳಿಗೂ ಹಂಚಿಹೋಯಿತು. ಅಪ್ಪ ಎರಡು ಎಕರೆ ಗುತ್ತಿಗೆಗೆ ಹಿಡಿದು ರಾಗಿ, ಅವರೆ ಬೆಳೆದ. ಹೊಲದಲ್ಲೂ ಅವನು ಕೈಸನ್ನೆಯಲ್ಲೇ ಮಾತಾಡುತ್ತಿದ್ದ.

ಆವತ್ತು ಕಾಲು ಮುಂದಾಗಿ ಹುಟ್ಟಿದ ಕೂಸೇ, ಮೊಮ್ಮಕ್ಕಳೇ, ನೀವೆಲ್ಲ ಚಿಕ್ಕ ತಾತ ಎಂದು ಕರೆಯುವವನು. ನೀವು ಹುಟ್ಟಿದ್ದು ಕೋಲಾರದ ದೊಡ್ಡ ಆಸ್ಪತ್ರೆಯಲ್ಲಿ, ಡಾಕ್ಟರು ಮೊದಲೇ ಹೇಳಿದ ದಿನಕ್ಕೆ, ನಿಮ್ಮ ಅಮ್ಮಂದಿರು ಮನೆ ಬಾಗಿಲಿಂದ ಕಾರಿನಲ್ಲಿ ಹೋಗಿ. ಅದು ಒಳ್ಳೆಯದೇ. ಯಾವ ಅಮ್ಮನೂ ಮಂಜು ಕರಗುವುದನ್ನು ಕಾಯುತ್ತಾ ನೋವು ತಿನ್ನಬಾರದು. ನಮ್ಮ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಆ ಕಾಲದಲ್ಲಿ ಅವ್ವ ಬರುವುದು ತಡವಾದ ಮನೆಗಳೂ ಇದ್ದವು.

ಕೆರೆಯಲ್ಲಿ ಈಗ ಎಲ್ಲ ವರ್ಷವೂ ನೀರು ನಿಲ್ಲುವುದಿಲ್ಲ. ಕೆರೆಯಂಗಳದ ತುಂಬ ನೀಲಗಿರಿ ಮರ. ಮಂಜು ಬೀಳುವುದೂ ಕಡಿಮೆಯಾಗಿದೆ. ಕಳೆದ ಸಂಕ್ರಾಂತಿಗೆ ನೀವೆಲ್ಲ ಊರಿಗೆ ಬಂದಿದ್ದಿರಲ್ಲ, ಆಗ ಒಂದು ಬೆಳಿಗ್ಗೆ, ಬಹಳ ದಿನಗಳ ಮೇಲೆ, ದಟ್ಟ ಮಂಜು ಇಳಿಯಿತು. ದೊಡ್ಡ ಮೊಮ್ಮಗ ಹಾಸಿಗೆಯಿಂದಲೇ ಫೋನು ನೋಡಿ, “ಅಜ್ಜಿ, ಒಂಬತ್ತು ಗಂಟೆಗೆ ಕ್ಲಿಯರ್ ಆಗತ್ತಂತೆ” ಎಂದ. ಅದು ಹೇಳಿದ ಹಾಗೆಯೇ ಒಂಬತ್ತಕ್ಕೆ ಮಂಜು ಹೋಯಿತು. ನನಗೆ ಆಶ್ಚರ್ಯವೇ ಆಯಿತು. ಅಪ್ಪನಿಗೂ ಅಷ್ಟು ಕರಾರುವಾಕ್ಕಾಗಿ ಹೇಳಲು ಬರುತ್ತಿರಲಿಲ್ಲ.

ಆದರೆ ಒಂಬತ್ತಕ್ಕೆ ಮೊದಲು, ಎಲ್ಲರೂ ಹೊದ್ದು ಮಲಗಿದ್ದಾಗ, ನಿಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳೊಬ್ಬಳು ಬರಿಗಾಲಲ್ಲಿ ಎದ್ದು ಬಂದು ನನ್ನ ಪಕ್ಕ ಹೊಸ್ತಿಲ ಮೇಲೆ ನಿಂತಳು. ಅವಳು ಮಂಜನ್ನು ಟಿವಿಯಲ್ಲಿ ಮಾತ್ರ ನೋಡಿದ್ದಳು. ಮುಂದಿದ್ದ ಬಿಳುಪಿಗೆ ಒಂದು ಬೆರಳು ಚಾಚಿ, “ಇದರೊಳಗೆ ಹೋಗಬಹುದಾ ಅಜ್ಜಿ?” ಎಂದು ಕೇಳಿದಳು.

“ಹೋಗಬಹುದು. ಕೈ ಹಿಡ್ಕೊ” ಎಂದೆ.

ನಾವಿಬ್ಬರೂ ಗೇಟಿನವರೆಗೆ ನಡೆದೆವು. ಹಿಂದೆ ಮನೆ ಕಾಣದಾಯಿತು, ಮುಂದೆ ರಸ್ತೆ ಕಾಣಲಿಲ್ಲ. ಅವಳು ಹೆದರಲಿಲ್ಲ. ಇನ್ನೂ ನಾಲ್ಕು ಹೆಜ್ಜೆ ಹೋಗೋಣ ಎಂದಳು.